ಹನ್ನೆರಡು ಸೆಕೆಂಡಿನ ಮಿಂಚುಳ್ಳಿ

ನಾನು ಟೈಲರ್. ನನ್ನ ನಾಲಿಗೆ ನನ್ನ ಕತ್ತರಿಗಿಂತ ಹರಿತ ಎಂದು ನಮ್ಮನೆಯವರು ಹೇಳುತ್ತಿದ್ದರು. ಸುಳ್ಳಲ್ಲ. ಅಂಗಿ ಬಿಗಿಯಾಯಿತು ಎಂದು ಜಗಳಕ್ಕೆ ಬಂದವರಿಗೆ, ಬಟ್ಟೆ ಕುಗ್ಗಿಲ್ಲ, ನೀವು ಹಿಗ್ಗಿದ್ದೀರಿ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಕೊಂಡೇ ನಲವತ್ತು ವರ್ಷ ಅಂಗಡಿ ನಡೆಸಿದವಳು ನಾನು. ಆದರೂ ಒಂದೇ ಒಂದು ಸಂಗತಿಯನ್ನು ಮೂವತ್ತನಾಲ್ಕು ವರ್ಷ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದೆ. ಕೊಟ್ಟ ಮಾತು ಅಂತ ಒಂದಿರುತ್ತದಲ್ಲ, ಅದಕ್ಕೆ.

ಕಾಗದ ಬಂದ ದಿನ ಒಂದು ಶಾಲೆಯ ಬ್ಯಾಗಿಗೆ ಹೊಸ ಜಿಪ್ ಹಾಕುತ್ತಾ ಕೂತಿದ್ದೆ. ಬ್ಯಾಗಿನ ಮೇಲೆ ಮಿಂಚುಳ್ಳಿಯ ಚಿತ್ರ. ಮಿಂಚುಳ್ಳಿ ಯಾರೆಂದು ಈಗ ಯಾರಿಗೂ ಹೇಳಬೇಕಾಗಿಲ್ಲ. ನೀಲಿ ರೆಕ್ಕೆ, ಕಿತ್ತಳೆ ಬಣ್ಣದ ಎದೆ, ಉದ್ದ ಕೊಕ್ಕಿನ ಮುಖವಾಡ. ಎತ್ತರದಿಂದ ಧುಮುಕಿ ಕಳ್ಳರ ಕುತ್ತಿಗೆ ಹಿಡಿಯುವವನು. ಮಕ್ಕಳ ಟೂತ್‌ಬ್ರಶ್ಶಿನ ಮೇಲೂ ಅವನೇ, ಹೊದಿಕೆಯ ಮೇಲೂ ಅವನೇ. ಅವನ ಹೊಸ ಸಿನಿಮಾ ಬಂತೆಂದರೆ ದೊಡ್ಡವರೂ ಮಕ್ಕಳಾಗಿಬಿಡುತ್ತಾರೆ. ಅಂಥ ಬ್ಯಾಗು ಕೈಗೆ ಬಂದಾಗಲೆಲ್ಲ, ನಿನ್ನ ಮೊದಲನೇ ಅಂಗಿ ಹೊಲಿದದ್ದು ನಾನು ಕಣೋ ಎಂದು ಮನಸ್ಸಿನಲ್ಲೇ ಅಂದುಕೊಂಡು ಸೂಜಿ ಓಡಿಸುತ್ತಿದ್ದೆ.

ಕಾಗದ ಬಂದದ್ದು ಸಿನಿಮಾ ಕಂಪನಿಯ ಹಕ್ಕು ವಿಭಾಗದಿಂದ. ಹೊಸ ಚಿತ್ರದಲ್ಲಿ ಹಿಂದಿನ ಮಿಂಚುಳ್ಳಿಗಳೆಲ್ಲರೂ ಒಟ್ಟಿಗೆ ಬರುತ್ತಾರಂತೆ. ಅದಕ್ಕೆ ಮೂವತ್ತನಾಲ್ಕು ವರ್ಷದ ಹಿಂದೆ ತೆಗೆದು ಬಿಡುಗಡೆಯಾಗದೆ ಉಳಿದ ಚಿತ್ರದಿಂದ ಹನ್ನೆರಡು ಸೆಕೆಂಡು ಬೇಕು, ಅದಕ್ಕೆ ಒಪ್ಪಿಗೆಯ ಸಹಿ ಬೇಕು, ಹೆಸರಿನ ಪಟ್ಟಿಯಲ್ಲಿ ಹೆಸರು ಹಾಕುತ್ತೇವೆ ಎಂದು ಬರೆದಿದ್ದರು. ಮೇಲೆ ನನ್ನ ಹೆಸರು, ಅದರ ಕೆಳಗೆ ‘ಮಾನ್ಯ ಕಲಾವಿದರೇ’. ನನಗೆ ನಗು ಬಂತು. ಇಷ್ಟು ದೊಡ್ಡ ಕಂಪನಿ, ಗಂಡ ಯಾರು ಹೆಂಡತಿ ಯಾರು ಅಂತ ಗೊತ್ತಿಲ್ಲ. ಕಲಾವಿದರು ನಮ್ಮವರು. ಅವರು ತೀರಿಕೊಂಡು ಆರು ವರ್ಷ. ವಾರಸುದಾರಳು ಅಂತ ನನಗೆ ಬರೆದಿದ್ದಾರೆ, ಗುಮಾಸ್ತ ಯಾರೋ ತಪ್ಪು ಮಾಡಿದ್ದಾನೆ ಎಂದುಕೊಂಡೆ.

ನಗು ಮುಗಿದ ಮೇಲೆ ಅಳು ಬಂತು. ಬ್ಯಾಗನ್ನು ಅರ್ಧಕ್ಕೇ ಬಿಟ್ಟು ಅಂಗಡಿಯ ಬಾಗಿಲೆಳೆದುಕೊಂಡು ಅತ್ತೆ. ಅವರ ಹೆಸರು ಒಂದೇ ಒಂದು ಸಲ ಪರದೆಯ ಮೇಲೆ ಬರಲಿ ಎಂದು ಅವರು ಇಡೀ ಆಯುಷ್ಯ ಕಾದಿದ್ದರು. ಈಗ ಬರುತ್ತದೆ ಅನ್ನುತ್ತಿದ್ದಾರೆ, ನೋಡಲು ಅವರಿಲ್ಲ. ಇಲ್ಲದಿದ್ದರೇನು, ನಾನಿದ್ದೇನಲ್ಲ. ಬರಲೇಬೇಕು. ನನಗೆ ಬೇಕಾದ್ದು ಅಷ್ಟೇ.

ನಮ್ಮವರು ಊರಿನ ಈಜುಕೊಳದಲ್ಲಿ ಕಾವಲಿಗಿದ್ದವರು. ಕೊರಳಲ್ಲಿ ಸೀಟಿ, ಸೊಂಟಕ್ಕೆ ಚಡ್ಡಿ, ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬರಬೇಕಾದಷ್ಟು ಅಗಲ ಭುಜ. ಕೊಳದ ಪಕ್ಕದಲ್ಲಿ ಮೂರು ಹಂತದ ಜಿಗಿಯುವ ಹಲಗೆ ಇತ್ತು. ಅವರು ಒಂದು ದಿನವೂ ಅದನ್ನು ಹತ್ತಿದ್ದನ್ನು ಯಾರೂ ಕಂಡಿಲ್ಲ. ಹತ್ತಿ ಹತ್ತಿ ಬೇಜಾರಾಗಿರಬೇಕು ಎಂದು ಜನ ತಿಳಿದಿದ್ದರು. ನಿಜ ನನಗೊಬ್ಬಳಿಗೇ ಗೊತ್ತಿತ್ತು. ಬಲ್ಬ್ ಬದಲಿಸಲು ಸ್ಟೂಲ್ ಹತ್ತಿದರೂ ಅವರ ಮೊಣಕಾಲು ನಡುಗುತ್ತಿತ್ತು. ಮನೆಯ ಬಲ್ಬುಗಳನ್ನೆಲ್ಲ ಹಾಕುತ್ತಿದ್ದವಳು ನಾನು. ನಮ್ಮಪ್ಪ ಸೋರುವ ಛಾವಣಿಗಳನ್ನು ರಿಪೇರಿ ಮಾಡುತ್ತಿದ್ದವರು, ನಾನು ಅವರ ಹಿಂದೆ ಮುಂದೆ ಹಂಚಿನ ಮೇಲೇ ಓಡಾಡಿ ಬೆಳೆದವಳು.

ಒಂದು ದಿನ ಈಜಲು ಬಂದ ಒಬ್ಬ ದಪ್ಪ ಮನುಷ್ಯ ನಮ್ಮವರ ಭುಜವನ್ನೇ ನೋಡುತ್ತಾ ಕೂತಿದ್ದನಂತೆ. ಆತ ಡೈರೆಕ್ಟರು. ಆಗ ಮಿಂಚುಳ್ಳಿ ಬರೀ ಮಕ್ಕಳ ಚಿತ್ರಕಥೆಯ ಪುಸ್ತಕದಲ್ಲಿದ್ದವನು, ಸಿನಿಮಾ ಆಗಿರಲಿಲ್ಲ. ನೀವೇ ನನ್ನ ಮಿಂಚುಳ್ಳಿ ಎಂದ. ನಟನೆ ಬರುವುದಿಲ್ಲ ಎಂದರು ನಮ್ಮವರು. ಮುಖವಾಡ ಇರುತ್ತದೆ, ಭುಜ ಇದ್ದರೆ ಸಾಕು ಎಂದ. ಬಟ್ಟೆ ಹೊಲಿಯುವವರು ಯಾರು ಎಂದು ಕೇಳಿ, ನನ್ನ ಹೆಂಡತಿಯೇ ಟೈಲರ್ ಎಂದು ಇವರು ಹೇಳಿ, ಹಾಗೆ ನಾವಿಬ್ಬರೂ ಸಿನಿಮಾದವರಾದೆವು.

ಮುಚ್ಚಿಹೋದ ಒಂದು ಸಾಬೂನು ಕಾರ್ಖಾನೆಯಲ್ಲಿ ಇಪ್ಪತ್ಮೂರು ದಿನದ ಶೂಟಿಂಗ್. ಒಟ್ಟು ಹನ್ನೊಂದು ಜನ. ನೆಲದ ಸಂದಿಯಲ್ಲೆಲ್ಲ ಹಳೆಯ ಸಾಬೂನು, ನೀರು ಬಿದ್ದರೆ ನೊರೆ. ಕಳ್ಳರನ್ನು ಅಟ್ಟಿಸಿಕೊಂಡು ಓಡುವ ದೃಶ್ಯದಲ್ಲಿ ಕಳ್ಳರೂ ಮಿಂಚುಳ್ಳಿಯೂ ಒಟ್ಟಿಗೆ ಜಾರಿ ಬಿದ್ದು ನಗುತ್ತಿದ್ದರು. ರೆಕ್ಕೆಯನ್ನು ನೀಲಿ ಛತ್ರಿ ಬಟ್ಟೆಯಲ್ಲಿ ಹೊಲಿದೆ. ಕೊಕ್ಕನ್ನು ಪ್ಲಾಸ್ಟಿಕ್ ಬಕೆಟ್ ಕತ್ತರಿಸಿ ಮಾಡಿದೆ. ಎರಡು ಜೊತೆ ಹೊಲಿಯಲು ಬಟ್ಟೆ ಸಾಲದೆ ಇದ್ದದ್ದು ಒಂದೇ ಅಂಗಿ, ದಿನಾ ಸಂಜೆ ಒಗೆದು ಹರವುತ್ತಿದ್ದೆ. ಮಗಳಿಗೆ ಆಗ ಐದು ವರ್ಷ. ನನ್ನ ಅಕ್ಕನ ಮನೆಯಲ್ಲಿ ಬಿಟ್ಟಿದ್ದೆವು. ಮನೆಗೆ ಬಂದ ಮೇಲೆ ನಮ್ಮವರು ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದರು. ನಾನು ಹೊಲಿಗೆ ಯಂತ್ರ ತುಳಿಯುತ್ತಲೇ ಕಳ್ಳನ ಮಾತು ಹೇಳುತ್ತಿದ್ದೆ, ಅವರು ಮಿಂಚುಳ್ಳಿಯದು. ನನ್ನ ಜೀವನದಲ್ಲಿ ಅಷ್ಟು ನಕ್ಕ ತಿಂಗಳು ಇನ್ನೊಂದಿಲ್ಲ.

ಡೈರೆಕ್ಟರಿಗೆ ಒಂದೇ ಅವಸರ, ಮೂವತ್ತೊಂದನೇ ತಾರೀಖಿನೊಳಗೆ ಮುಗಿಯಬೇಕು. ಯಾಕೆಂದು ನಾವು ಕೇಳಲಿಲ್ಲ. ಮೇಲಿನವರು ಹೇಳಿದ್ದಾರೆ ಅನ್ನುತ್ತಿದ್ದರು.

ಆ ಮೂವತ್ತೊಂದನೇ ತಾರೀಖು ಬಂತು. ಉಳಿದದ್ದು ಒಂದೇ ದೃಶ್ಯ, ಮಿಂಚುಳ್ಳಿ ಗೋದಾಮಿನ ಮೇಲಿಂದ ಧುಮುಕುವುದು. ಕೆಳಗೆ ಕ್ಯಾಮೆರಾಕ್ಕೆ ಕಾಣದ ಹಾಗೆ ಬಟ್ಟೆ ಚೂರಿನ ಮೂಟೆಗಳ ರಾಶಿ. ಆರು ಜನ ಟೈಲರ್‌ಗಳ ಅಂಗಡಿಯಿಂದ ನಾನೇ ಸೇರಿಸಿ ತಂದದ್ದು. ನಮ್ಮವರು ಏಣಿ ಹತ್ತಿದರು. ಹತ್ತಿದವರು ನೀರಿನ ಟ್ಯಾಂಕಿನ ಹಿಂದೆ ಹೋದರು. ಬರಲಿಲ್ಲ. ಬಿಸಿಲು ಗೋಡೆಯಿಂದ ಇಳಿಯುತ್ತಾ ಬಂತು. ಡೈರೆಕ್ಟರು ಗಡಿಯಾರ ನೋಡಿದರು, ಆಕಾಶ ನೋಡಿದರು, ನನ್ನನ್ನು ನೋಡಿದರು. ರೆಕ್ಕೆ ಸಿಕ್ಕಿಕೊಂಡಿರಬೇಕು, ಸರಿಮಾಡಿ ಬರುತ್ತೇನೆ ಎಂದು ನಾನು ಹತ್ತಿದೆ.

ಅವರು ಟ್ಯಾಂಕಿಗೆ ಬೆನ್ನು ಕೊಟ್ಟು, ಮುಖವಾಡ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ನನ್ನಿಂದಾಗಲ್ಲ ಕಣೆ. ಹನ್ನೊಂದು ಜನರ ಅನ್ನಕ್ಕೆ ಮಣ್ಣು ಹಾಕ್ದೆ.”

“ಬಟ್ಟೆ ಬಿಚ್ಚಿ,” ಎಂದೆ.

ನಾನು ಯಾವ ಬಟ್ಟೆ ಹೊಲಿದರೂ ಒಳಗೆ ಎರಡು ಬೆರಳು ಬಟ್ಟೆ ಬಿಡುವವಳು. ಮನುಷ್ಯರ ಮೈ ಒಂದೇ ಸಮ ಇರುವುದಿಲ್ಲ, ನಾಳೆ ಬಿಚ್ಚಬೇಕಾಗಬಹುದು, ಹಿಡಿಯಬೇಕಾಗಬಹುದು. ಟೈಲರ್ ಆದವಳ ಎದೆಯ ಮೇಲೆ ದಾರ ಪೋಣಿಸಿದ ಸೂಜಿ ಯಾವಾಗಲೂ ಇರುತ್ತದೆ. ಆವತ್ತು ಅದರಲ್ಲಿದ್ದದ್ದು ಬಿಳಿ ದಾರ. ನೀಲಿ ದಾರಕ್ಕೆ ಕೆಳಗಿಳಿಯುವಷ್ಟು ಹೊತ್ತಿರಲಿಲ್ಲ. ಅಂಗಿ ಹಾಕಿಕೊಂಡು, ಎರಡೂ ಪಕ್ಕೆಯಲ್ಲಿ ಒಂದೊಂದು ಗೇಣು ಒಳಗೆ ಮಡಚಿ, ಬಿಳಿ ದಾರದಲ್ಲೇ ಕಚ್ಚಾ ಹೊಲಿಗೆ ಹಾಕಿಕೊಂಡೆ. ಬೆನ್ನಿನ ಕಡೆ ಅವರು ಹಿಡಿದುಕೊಂಡರು. ಭುಜಕ್ಕೆ ನನ್ನ ಶಾಲನ್ನೇ ತುರುಕಿದೆ. ಮುಖವಾಡ ಏರಿಸಿಕೊಂಡು ಅಂಚಿಗೆ ಹೋಗಿ, ಅಪ್ಪನ ಛಾವಣಿಗಳನ್ನು ನೆನೆದು, ಕೈ ಚಾಚಿ ಹಾರಿದೆ.

ಭಯ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ಗಳಿಗೆ ಎಷ್ಟು ಚೆನ್ನಾಗಿತ್ತೆಂದರೆ, ಮತ್ತೆ ಯಾವತ್ತೂ ಯಾರಿಗೂ ಹೇಳಲಾಗದ ಸಂಕಟ ನನಗೆ ಕೆಳಗೆ ಬೀಳುವ ಮುಂಚೆಯೇ ಶುರುವಾಗಿತ್ತು. ಮೂಟೆಯ ಮೇಲೆ ಬಿದ್ದವಳನ್ನು ಡೈರೆಕ್ಟರು ಓಡಿಬಂದು ಅಪ್ಪಿಕೊಂಡು ಭೇಷ್ ಎಂದರು, ತಕ್ಷಣ ಕೆಂಡ ಮುಟ್ಟಿದವರ ಹಾಗೆ ಹಿಂದೆ ಸರಿದರು. ಅವರಿಗೆ ಗೊತ್ತಾಯಿತು. ದೇವರಂಥ ಮನುಷ್ಯ, ಯಾರ ಮುಂದೆಯೂ ಬಾಯಿಬಿಡಲಿಲ್ಲ. ನಾನು ಆ ವೇಷದಲ್ಲೇ, ರೆಕ್ಕೆ ಸರಿಮಾಡಿಸಿಕೊಳ್ಳುವ ನೆಪದಲ್ಲಿ ಮತ್ತೆ ಏಣಿ ಹತ್ತಿದಾಗ ನಮ್ಮವರು ಬನಿಯನ್ ಚಡ್ಡಿಯಲ್ಲಿ, ನನ್ನ ಬಟ್ಟೆಗಳನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದರು. ಯಾರಿಗೂ ಹೇಳಬಾರದು ಎಂದು ಆಗಲೇ ಮಾತು ತೆಗೆದುಕೊಂಡರು. ಮಗಳಿಗೂ ಕೂಡದು ಎಂದರು. ಆಯಿತು ಎಂದೆ. ಗಂಡಸಿನ ಮರ್ಯಾದೆ, ಬಿಡು, ಎಂದುಕೊಂಡೆ.

ಮಾರನೇ ದಿನ ಎಲ್ಲರೂ ಒಬ್ಬೊಬ್ಬರಾಗಿ ಹಕ್ಕು ಬಿಟ್ಟುಕೊಡುವ ಕಾಗದ ತುಂಬಿದೆವು. ಚಿತ್ರದಲ್ಲಿ ನೀವು ಏನು ಮಾಡಿದಿರಿ ಎಂದು ಬರೆದು ಸಹಿ ಹಾಕಬೇಕು. ‘ಬಟ್ಟೆ ಹೊಲಿದೆ’ ಎಂದು ಬರೆದು ನಾನು ಸಹಿ ಹಾಕಿದೆ. ನಮ್ಮವರು ಒಳಗಿನ ಕೋಣೆಗೆ ಹೋಗಿ ಬಹಳ ಹೊತ್ತು ಬರೆದರು. ಇಷ್ಟು ಉದ್ದ ಏನು ಬರೆದಿರಿ ಎಂದು ಕೇಳಿದ್ದಕ್ಕೆ, ಹೀರೋಗೆ ಬರೆಯುವುದು ಜಾಸ್ತಿ ಇರುತ್ತದೆ ಎಂದು ಜಂಬ ಹೊಡೆದರು.

ಆಮೇಲೆ ಸಿನಿಮಾ ಬರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವರು ಪ್ರತಿ ಶುಕ್ರವಾರ ಸೈಕಲ್ ತುಳಿದುಕೊಂಡು ಟಾಕೀಸಿಗೆ ಹೋಗಿ ಹೊಸ ಪೋಸ್ಟರ್ ನೋಡಿ ಬರುತ್ತಿದ್ದರು. ಹೀಗೆ ಹದಿನೈದು ವರ್ಷ. ಮಗಳು ಶಾಲೆಯಲ್ಲಿ ನಮ್ಮಪ್ಪ ಮಿಂಚುಳ್ಳಿ ಎಂದು ಹೇಳಿ, ಎಲ್ಲರ ಬಾಯಲ್ಲಿ ಸುಳ್ಳಿ ಎನಿಸಿಕೊಂಡು ಅಳುತ್ತಾ ಬಂದಳು. ಆವತ್ತಿನಿಂದ ಅವಳು ಆ ಮಾತೆತ್ತಲಿಲ್ಲ. ಬೆಳೆದ ಮೇಲೆ ಅಪ್ಪ ತಮಾಷೆಗೆ ಕಟ್ಟಿದ ಕತೆ ಎಂದೇ ತಿಳಿದಳು. ಇವರು ಸಿನಿಮಾ ಅಂದರೆ ಸಾಕು, ಅವಳ ಮುಖದಲ್ಲಿ ಒಂದು ಸಣ್ಣ ನಗು ಬರುತ್ತಿತ್ತು. ಆ ನಗು ಅವರಿಗೆ ಚುಚ್ಚುತ್ತಿತ್ತು, ನನಗೆ ಗೊತ್ತು.

ನಾನಾದರೂ ಸುಮ್ಮನಿದ್ದೆನೇ? ಒಂದು ಶುಕ್ರವಾರ ಕೈತುಂಬ ಕೆಲಸ, ಇವರು ಟಾಕೀಸಿನಿಂದ ಜೋಲುಮುಖ ಹಾಕಿಕೊಂಡು ಬಂದರು. ಮುಖವಾಡ ಹಾಕಿಕೊಂಡವರ ಮುಖ ಯಾರಿಗೆ ಬೇಕು, ಆ ಸಿನಿಮಾ ಬಂದರೆಷ್ಟು ಬಿಟ್ಟರೆಷ್ಟು ಎಂದುಬಿಟ್ಟೆ. ಅವರು ಸೈಕಲ್ಲಿಗೆ ಬೀಗ ಹಾಕುತ್ತಾ ಹೇಳಿದರು:

“ಬರ್ಬೇಕು ಕಣೆ. ಬಂದ್ರೆ ನಿನಗೇ ಗೊತ್ತಾಗುತ್ತೆ.”

ಹೆಸರಿನ ಆಸೆ, ಮತ್ತೇನು ಎಂದುಕೊಂಡೆ. ಹೆಸರಿನ ಆಸೆ ಅವರಿಗೆ ಇತ್ತೆಂದೇ ನನ್ನ ಲೆಕ್ಕ. ನನ್ನ ಅಂಗಡಿಯ ಬೋರ್ಡಿನಲ್ಲಿ ನನ್ನ ಹೆಸರೊಂದೇ ಇತ್ತು. ಒಂದು ಮೂಲೆಯಲ್ಲಿ ನನ್ನದೂ ಹಾಕಿಸೆ ಎಂದು ಅವರು ರೇಗಿಸುವರು, ಹೆಸರು ಬೇಕಾದರೆ ಬಂದು ಗುಂಡಿ ಹೊಲಿಯಿರಿ ಎಂದು ನಾನು ಅನ್ನುವೆ. ಪಾಸ್‌ಬುಕ್ಕಿನಲ್ಲೂ ನಾನು ಅವರ ಹೆಸರನ್ನು ನನ್ನ ಹೆಸರಿಗೆ ಅಂಟಿಸಿಕೊಂಡವಳಲ್ಲ. ನನ್ನ ಸಹಿ ಚಿಕ್ಕದು, ಒಂದೇ ಹೆಸರು.

ಕಾಗದಕ್ಕೆ ನಾನು ಕಳಿಸಿದ ಉತ್ತರವೂ ಚಿಕ್ಕದೇ. ಸಹಿ ಹಾಕುತ್ತೇನೆ, ಆದರೆ ಮೊದಲು ಸಿನಿಮಾ ಪೂರ್ತಿ ತೋರಿಸಬೇಕು. ಮಗಳು ಕಾಗದ ಎರಡು ಸಲ ಓದಿ, ರಜೆ ಹಾಕಿ ಜೊತೆಗೆ ಬಂದಳು.

ಹಕ್ಕು ವಿಭಾಗ ಒಂದು ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಎರಡೂ ಕಡೆ ಗೋಡೆಯೆತ್ತರ ಕಡತಗಳು, ನಡುವೆ ಒಂದು ಮೇಜು. ಅಧಿಕಾರಿ ನನ್ನ ಮಗಳ ವಯಸ್ಸಿನವರು. ಕನ್ನಡಕ ತಲೆಯ ಮೇಲೆ, ಬಲಗಾಲಿನ ಪ್ಯಾಂಟಿನ ಅಂಚು ಬಿಚ್ಚಿ ನೇತಾಡುತ್ತಿತ್ತು. ನನ್ನ ಕಣ್ಣಿಗೆ ಅದೇ ಮೊದಲು ಬಿದ್ದದ್ದು.

ಸಿನಿಮಾ ಯಾಕೆ ಬಿಡುಗಡೆ ಮಾಡಲಿಲ್ಲ ಎಂದು ಕೇಳಿದೆ. ಅವರು ಸ್ವಲ್ಪ ಹಿಂಜರಿದು ನಿಜ ಹೇಳಿದರು. ಮಿಂಚುಳ್ಳಿಯ ಪುಸ್ತಕದವರಿಂದ ಆಗಿನ ಕಂಪನಿ ಸಿನಿಮಾ ತೆಗೆಯುವ ಹಕ್ಕನ್ನು ಹತ್ತು ವರ್ಷಕ್ಕೆ ತೆಗೆದುಕೊಂಡಿತ್ತಂತೆ. ಅಷ್ಟರೊಳಗೆ ಒಂದು ಚಿತ್ರದ ಶೂಟಿಂಗ್ ಮುಗಿಸದಿದ್ದರೆ ಹಕ್ಕು ವಾಪಸ್. ಹತ್ತನೇ ವರ್ಷದ ಕೊನೆಯವರೆಗೂ ಏನೂ ಮಾಡದೆ ಕೂತು, ಕೊನೆಗೆ ಲೆಕ್ಕಕ್ಕೊಂದು ಇರಲಿ ಎಂದು ನಮ್ಮ ಚಿತ್ರ ತೆಗೆಸಿದರಂತೆ. ಮೂವತ್ತೊಂದಕ್ಕೆ ಮುಗಿಯಿತು, ಹಕ್ಕು ಉಳಿಯಿತು, ಚಿತ್ರ ಡಬ್ಬಿಗೆ ಹೋಯಿತು. ತೋರಿಸುವ ಯೋಚನೆ ಮೊದಲ ದಿನವೂ ಇರಲಿಲ್ಲ.

ಬಸ್ಸಿನ ಸೀಟಿಗೆ ಕಿಟಕಿಯಿಂದ ಕರವಸ್ತ್ರ ಎಸೆಯುತ್ತಾರಲ್ಲ, ಹಾಗೆ. ನಾವು ಹನ್ನೊಂದು ಜನ ಆ ಕರವಸ್ತ್ರ. ನನಗೆ ಮೈಯೆಲ್ಲ ಉರಿಯಿತು. ನನ್ನ ಗಂಡ ಹದಿನೈದು ವರ್ಷ ಬಿಸಿಲಲ್ಲಿ ಸೈಕಲ್ ತುಳಿದದ್ದು ಯಾವ ಪೋಸ್ಟರ್ ನೋಡುವುದಕ್ಕೆ ಸ್ವಾಮಿ ಎಂದು ಆ ಅಧಿಕಾರಿಯನ್ನೇ ತರಾಟೆಗೆ ತೆಗೆದುಕೊಂಡೆ. ಅವರು ಆಗ ಹುಟ್ಟಿ ನಾಲ್ಕೈದು ವರ್ಷ ಆಗಿದ್ದವರು, ಪಾಪ, ತಲೆ ತಗ್ಗಿಸಿ ಕೇಳಿಸಿಕೊಂಡರು. ಡೈರೆಕ್ಟರಿಗೂ ಗೊತ್ತಿರಲಿಲ್ಲವಂತೆ, ಬಿಡುಗಡೆ ಮಾಡಿ ಎಂದು ಅವರು ಬರೆದ ಏಳು ಪತ್ರಗಳು ಕಡತದಲ್ಲಿದ್ದವು.

ಪಕ್ಕದ ಕೋಣೆಯಲ್ಲಿ ಸಣ್ಣ ಪರದೆ, ಮೂರು ಕುರ್ಚಿ. ದೀಪ ಆರಿತು. ಧ್ವನಿ ಇರಲಿಲ್ಲ. ಧ್ವನಿ ಸೇರಿಸುವ ಕೆಲಸವನ್ನೇ ಮಾಡಿಸಿರಲಿಲ್ಲ, ಯಾರು ಕೇಳಬೇಕಿತ್ತು? ಮೂಕ ಮಿಂಚುಳ್ಳಿ ಕಾರ್ಖಾನೆಯ ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬಂದ. ಭುಜ ನೋಡಿದ್ದೇ ಮಗಳು ನನ್ನ ಮೊಣಕೈ ಹಿಡಿದುಕೊಂಡಳು. ಮುಖವಾಡದ ಕೆಳಗೆ ಗದ್ದ ಅಲ್ಲಾಡಿತು. ಏನು ಹೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು. ಹೊಲಿಗೆ ಯಂತ್ರದ ಮುಂದೆ ಮೂವತ್ತು ಸಲ ಹೇಳಿಸಿದವಳಲ್ಲವೇ.

“ಓಡು, ಎಲ್ಲಿಗೆ ಓಡ್ತೀಯೋ ಓಡು,” ಎಂದೆ ಕತ್ತಲಲ್ಲಿ. “ಆಕಾಶಕ್ಕೆ ಬಾಗಿಲಿಲ್ಲ, ನಾನು ಮೇಲೇ ಇರ್ತೀನಿ.”

ಹಾಗೆ ಇಡೀ ಸಿನಿಮಾಕ್ಕೆ ಮಾತು ಹೇಳುತ್ತಾ ಹೋದೆ, ಕಳ್ಳನದೂ ಅವರದೂ. ಸಾಬೂನಿನಲ್ಲಿ ಜಾರಿಬಿದ್ದಾಗ ಮೂವರೂ ನಕ್ಕೆವು. ಒಂದು ಕಡೆ ದೃಶ್ಯ ಮುಗಿದ ಮೇಲೂ ಕ್ಯಾಮೆರಾ ನಿಲ್ಲಿಸುವುದನ್ನು ಮರೆತಿದ್ದರು. ನಮ್ಮವರು ಮುಖವಾಡ ತೆಗೆದು, ಬೆವರು ಒರೆಸಿಕೊಂಡು, ಪಕ್ಕಕ್ಕೆ ತಿರುಗಿ ಏನೋ ಕೇಳಿದರು. ಕೇಳಿದ್ದು ನನ್ನನ್ನು; ನಾನು ಆ ಪಕ್ಕದಲ್ಲೇ ಬಟ್ಟೆ ಹಿಡಿದು ನಿಂತಿದ್ದೆ. ಸರಿಯಾಗಿ ಬಂತಾ ಎಂದು ಕೇಳಿದ್ದರು. ಮೂವತ್ತನಾಲ್ಕು ವರ್ಷದ ಹಿಂದಿನ ಮುಖ, ಒಂದು ಬಿಳಿ ಕೂದಲಿಲ್ಲ. ಮಗಳ ಅಳು ನನಗೆ ಕೇಳಿಸಿತು. ಅಪ್ಪ ನಿಜವಾಗಿಯೂ ಮಾಡಿದ್ರಲ್ಲಮ್ಮ ಎಂದಳು. ನಾನು ನಂಬಲೇ ಇಲ್ಲವಲ್ಲ ಎಂದಳು.

ಕೊನೆಯ ದೃಶ್ಯ ಬಂತು. ಗೋದಾಮು, ಟ್ಯಾಂಕು, ಇಳಿಬಿಸಿಲು. ಮಿಂಚುಳ್ಳಿ ಅಂಚಿಗೆ ಬಂದು ಕೈ ಚಾಚಿ ಹಾರಿತು. ಗಾಳಿಯಲ್ಲಿ ರೆಕ್ಕೆ ಬಿಚ್ಚಿಕೊಂಡಾಗ ಪಕ್ಕೆಯ ಮೇಲೆ ಬಿಳಿ ದಾರದ ಗೆರೆ ಕಾಣಿಸಿತು. ಅಧಿಕಾರಿ ಅಲ್ಲೇ ನಿಲ್ಲಿಸಿ ದೀಪ ಹಾಕಿದರು. ತಮಗೆ ಬೇಕಾದ ಹನ್ನೆರಡು ಸೆಕೆಂಡು ಇದೇ ಎಂದರು.

ಇಡೀ ಸಿನಿಮಾ ಬಿಟ್ಟು ಇದೇ ಬೇಕಾಯಿತೇ ಇವರಿಗೆ? ಹೆಸರು ಯಾರದು ಹಾಕುತ್ತೀರಿ ಎಂದು ಕೇಳಿದೆ. ಈ ದೃಶ್ಯದಲ್ಲಿ ಯಾರಿದ್ದಾರೋ ಅವರದು, ಮುಖ ಕಾಣದಿದ್ದರೂ ಅದೇ ನಿಯಮ ಎಂದರು. ಮಗಳು ಕಣ್ಣೊರೆಸಿಕೊಂಡು ಪರದೆಯನ್ನೇ ನೋಡುತ್ತಿದ್ದಳು. ಈಗಷ್ಟೇ ಅಪ್ಪನನ್ನು ನಂಬಿದ ಹುಡುಗಿ. ನಾನು ನಿಜ ಹೇಳಿದರೆ ಅವರ ಹೆಸರೂ ಹೋಯಿತು, ಕೊಟ್ಟ ಮಾತೂ ಹೋಯಿತು.

“ನಮ್ಮನೆಯವ್ರೇ,” ಎಂದೆ. “ಅವ್ರ ಹೆಸ್ರು ಬರ್ಕೊಳ್ಳಿ.”

ಅಧಿಕಾರಿ ಕನ್ನಡಕ ಇಳಿಸಿಕೊಂಡು ನನ್ನನ್ನು ನೋಡಿದರು. ಇನ್ನೊಂದು ಸಲ ನೋಡಿ ಹೇಳಿ ಎಂದರು. ನೋಡುವುದೇನು, ನನ್ನ ಗಂಡ ನನಗೆ ಗೊತ್ತಿಲ್ಲವೇ ಎಂದು ಜೋರು ಮಾಡಿದೆ. ಸುಳ್ಳು ಹೇಳಿದರೆ ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಬೇಕು. ಹಾರುವ ಮುಂಚೆ ನನ್ನ ಕಡೆ ಕೈ ಬೀಸಿದರು, ಅವರಿಗೆ ಎತ್ತರವೆಂದರೆ ಪ್ರಾಣ ಎಂದು ಇನ್ನೂ ನಾಲ್ಕು ಸೇರಿಸಿದೆ. ಅವರು ಕಡತ ಬಿಚ್ಚಿ, ಹಳದಿಯಾದ ಒಂದು ಹಾಳೆಯನ್ನು ನನ್ನ ಮುಂದಿಟ್ಟರು.

ಎಡಕ್ಕೆ ವಾಲಿದ ದೊಡ್ಡ ದೊಡ್ಡ ಅಕ್ಷರ. ಈಜುಕೊಳದ ಗೋಡೆಯ ಮೇಲೆ ‘ಓಡಬಾರದು’ ಎಂದು ಬರೆದಿದ್ದ ಅದೇ ಕೈ. ಮಗಳು ನನ್ನ ಹೆಗಲ ಮೇಲಿಂದ ಬಗ್ಗಿದಳು. ಇಬ್ಬರೂ ಒಟ್ಟಿಗೆ ಓದಿದೆವು.

‘ಈ ಚಿತ್ರದಲ್ಲಿ ಮಿಂಚುಳ್ಳಿ ಪಾತ್ರ ಮಾಡಿದವನು ನಾನು. ಗೋದಾಮಿನ ಮೇಲಿಂದ ಹಾರಿದ್ದು ಮಾತ್ರ ನಾನಲ್ಲ, ನನ್ನ ಹೆಂಡತಿ. ನನಗೆ ಎತ್ತರ ಅಂದರೆ ಹೆದರಿಕೆ. ಯಾರಿಗೂ ಹೇಳಬೇಡ ಅಂತ ಅವಳಿಂದ ಮಾತು ತಗೊಂಡಿದ್ದೇನೆ. ಅವಳು ಸತ್ತರೂ ಹೇಳುವವಳಲ್ಲ, ಅದಕ್ಕೇ ನಾನು ಇಲ್ಲಿ ಬರೆದಿದ್ದೇನೆ. ಚಿತ್ರ ಬಿಡುಗಡೆಯಾದಾಗ ಅವಳ ಹೆಸರನ್ನು ದೊಡ್ಡದಾಗಿ ಹಾಕಬೇಕು. ಅಲ್ಲಿಯವರೆಗೆ ಅವಳಿಗೆ ತಿಳಿಸಬಾರದು. ಅವಳು ಟಾಕೀಸಿನಲ್ಲಿ ಕೂತು ನೋಡಲಿ.’

ಕೆಳಗೆ ಸಹಿ.

ಅದಕ್ಕೇ ಅಮ್ಮ, ಕಾಗದ ನಿಮ್ಮ ಹೆಸರಿಗೆ ಬಂದದ್ದು ಎಂದು ಅಧಿಕಾರಿ ನಿಧಾನವಾಗಿ ಬಿಡಿಸಿ ಹೇಳಿದರು. ಹನ್ನೊಂದು ಜನರೂ ತಮ್ಮ ತಮ್ಮ ಹಕ್ಕು ಬಿಟ್ಟುಕೊಟ್ಟಿದ್ದಾರೆ. ನೀವು ಬಟ್ಟೆಯ ಹಕ್ಕು ಬಿಟ್ಟಿದ್ದೀರಿ, ಹಾರಿದ್ದರ ಹಕ್ಕು ಬಿಟ್ಟಿಲ್ಲ. ಈ ಕಡತದಲ್ಲಿ ಕಂಪನಿಗೆ ಸೇರದೆ ಉಳಿದದ್ದು ಆ ಹನ್ನೆರಡು ಸೆಕೆಂಡು ಒಂದೇ.

ನನಗೆ ಅವರ ಮಾತು ಅರ್ಧ ಕೇಳಿಸಿತು, ಅರ್ಧ ಇಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಆ ಸೈಕಲ್ಲು. ಶುಕ್ರವಾರ ಶುಕ್ರವಾರ ಅವರು ಹುಡುಕಿಕೊಂಡು ಹೋದದ್ದು ತಮ್ಮ ಹೆಸರನ್ನಲ್ಲ. ಬಂದರೆ ನಿನಗೇ ಗೊತ್ತಾಗುತ್ತೆ ಎಂದಿದ್ದರು. ಬೀಗ ಹಾಕುತ್ತಾ ಹಾಗಂದ ಮನುಷ್ಯನಿಗೆ ನಾನು ಏನೆಂದಿದ್ದೆ! ಹೇಳಬಾರದೇನ್ರೀ, ಒಂದು ಸಲ ಹೇಳಬಾರದಿತ್ತೇನ್ರೀ ಎಂದು ಆ ಹಾಳೆಯ ಮೇಲೆ ಕೈಯಿಟ್ಟು ಅತ್ತೆ. ನಾನು ಅವರ ಗುಟ್ಟು ಕಾಯುತ್ತಿದ್ದೇನೆಂದುಕೊಂಡಿದ್ದೆ. ಅವರು ನನ್ನದನ್ನು ಕಾದಿದ್ದರು.

“ಅಮ್ಮ, ಹಾರಿದ್ದು ನೀನಾ?” ಎಂದಳು ಮಗಳು.

“ಬೇರೆ ದಾರ ಇರ್ಲಿಲ್ಲ ಕಣೆ,” ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ, ಬಾಯಿಗೆ ಬಂದದ್ದು ಅದು.

ಅಧಿಕಾರಿ ಒಪ್ಪಿಗೆ ಪತ್ರ ತಂದರು. ಹೆಸರು ಹೇಗೆ ಬರಬೇಕೋ ಹಾಗೆಯೇ ಬರೆಯಿರಿ, ಅಕ್ಷರ ಅಕ್ಷರವೂ ಹಾಗೇ ಬರುತ್ತದೆ ಎಂದರು. ಗಂಡನ ಹೆಸರು ಸೇರಿಸಿ ಬರೆಯಬಹುದೇ ಎಂದು ಕೇಳಿದೆ. ನಿಮ್ಮ ಹೆಸರು, ನಿಮ್ಮಿಷ್ಟ ಎಂದರು. ಪೆನ್ನು ತೆಗೆದುಕೊಂಡು ಮೊದಲು ಅವರ ಹೆಸರು, ಪಕ್ಕದಲ್ಲಿ ನನ್ನದು ಬರೆದೆ. ಅರವತ್ತೆಂಟು ವರ್ಷದಲ್ಲಿ ಮೊದಲನೇ ಸಲ. ಸಹಿ ಗೆರೆಯಿಂದ ಆಚೆ ಹೋಯಿತು. ಆಮೇಲೆ ಎದೆಯ ಸೂಜಿ ತೆಗೆದು, ಆ ಮನುಷ್ಯನನ್ನು ಕುರ್ಚಿಯಲ್ಲಿ ಕೂರಿಸಿ, ಪ್ಯಾಂಟಿನ ಅಂಚು ಹೊಲಿದುಕೊಟ್ಟು ಬಂದೆ.

ಏಳು ತಿಂಗಳಾದ ಮೇಲೆ ಸಿನಿಮಾ ಬಂತು, ಶುಕ್ರವಾರ. ಮಗಳು, ನಾನು ನಡುವಿನ ಸಾಲಿನಲ್ಲಿ ಕೂತೆವು. ಎರಡೂವರೆ ಗಂಟೆ ಕಿವಿ ಹರಿಯುವ ಸದ್ದು. ಕೊನೆಯ ಯುದ್ಧದಲ್ಲಿ ನೂರಾರು ಮಿಂಚುಳ್ಳಿಗಳು ಆಕಾಶದಿಂದ ಇಳಿದವು. ಅವುಗಳ ನಡುವೆ ಒಂದು ಛತ್ರಿ ಬಟ್ಟೆಯ ರೆಕ್ಕೆ, ಬಕೆಟ್ಟಿನ ಕೊಕ್ಕು, ಪಕ್ಕೆಯ ಮೇಲೆ ಬಿಳಿ ಗೆರೆ. ಹನ್ನೆರಡು ಕೇಳಿದವರು ನಾಲ್ಕೇ ಸೆಕೆಂಡು ಹಾಕಿದ್ದರು. ಮುಂದಿನ ಸಾಲಿನ ಮಗು, ಅದು ಯಾಕೆ ಬಿಗಿಯಾಗಿ ಹೊಲಿದಿಲ್ಲ ಎಂದು ಅಪ್ಪನನ್ನು ಕೇಳಿತು. ಜಾಣ ಮಗು.

ಮುಗಿಯಿತು. ಜನ ಎದ್ದರು. ಹೆಸರುಗಳು ಮೇಲಕ್ಕೆ ಹೋಗತೊಡಗಿದವು, ಸಾವಿರಾರು. ಹಾಲ್ ಖಾಲಿಯಾಯಿತು. ಕಸ ಗುಡಿಸುವಾತ ಪೊರಕೆ ಹಿಡಿದು ನಮ್ಮ ಸಾಲಿನ ತುದಿಗೆ ಬಂದು ನಿಂತ. ಮಗಳು ನನ್ನ ಕೈ ಹಿಡಿದಿದ್ದಳು. ಆಗ ಬಂತು. ಮೊದಲು ಅವರು, ಪಕ್ಕದಲ್ಲಿ ನಾನು, ಒಂದೇ ಗೆರೆಯಲ್ಲಿ. ಓದುವಷ್ಟರಲ್ಲಿ ಮೇಲೆ ಹೋಯಿತು.

“ಸಿನಿಮಾ ಮುಗೀತಮ್ಮ,” ಎಂದ ಪೊರಕೆಯವನು.

“ಹೂಂ ಕಣಪ್ಪ, ಏಳ್ತೀನಿ,” ಎಂ‌ದೆ. “ನಮ್ಮನೆಯವ್ರು ಕಾಯ್ತಿದ್ದ ಸಿನಿಮಾ, ಈಗ ಬಂತು.”